ಮಿಲಿಟರಿ ಗಾಡಿಯ ಕೆಂಪು ನಟ್ಟುಗಳು

ಮೋಟಾರು ಕೆಲಸ ಕಲಿಯಲು ಸೇರಿದ ಹುಡುಗರು ಆಗಾಗ ನಮ್ಮ ಮನೆ ಜಗಲಿಗೆ ಬಂದು ಕೂರುತ್ತಾರೆ. "ತಾತ, ನಿಮ್ ಕಾಲದಲ್ಲಿ ಹೆಂಗಿತ್ತು?" ಎಂದು ಕೇಳುತ್ತಾರೆ. ಕೇಳಿ ನಗಬೇಕು ಅಂತ ಅವರ ಆಸೆ. ನಗುವಂಥದ್ದು ನನ್ನ ಹತ್ತಿರವೂ ಒಂದಿಷ್ಟು ಇದೆ. ಆದರೆ ಈ ವಯಸ್ಸಿನಲ್ಲಿ ನಿದ್ದೆ ಬಿಟ್ಟು ಎದ್ದು ಕೂತಾಗ ನೆನಪಿಗೆ ಬರುವುದು ಅದಲ್ಲ. ಕ್ಲೀನರ್ ಆಗಿ ಸೇರಿದೆ, ಹೆಡ್ ಮೆಕ್ಯಾನಿಕ್ ಆಗಿ ಬಿಟ್ಟೆ. ನಡುವೆ ಯಾವಾಗ ಏನಾದೆ ಎನ್ನುವುದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ಅದನ್ನು ಬಿಟ್ಟು, ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮ ಕೋಲಾರದ ಶೆಡ್ಡಿಗೆ ಬಂದ ಒಂದು ಮಿಲಿಟರಿ ಲಾರಿಯ ವಿಷಯ ಬರೆಯುತ್ತೇನೆ. ಅದರ ಹುಚ್ಚು ಹಿಡಿದಿದ್ದ ಅಬ್ಬಯ್ಯ ಎಂಬ ಡ್ರೈವರನ ವಿಷಯವೂ ಇದರಲ್ಲೇ ಬರುತ್ತದೆ.

ಮೊದಲು ಇದ್ದಿಲು ಬಸ್ಸಿನ ಕಾಲ ಹೇಳದಿದ್ದರೆ ಮಿಲಿಟರಿ ಗಾಡಿಯ ಬೆಲೆ ನಿಮಗೆ ಗೊತ್ತಾಗುವುದಿಲ್ಲ. ಯುದ್ಧದ ದಿನಗಳಲ್ಲಿ ಪೆಟ್ರೋಲು ಕಣ್ಣಿಗೇ ಬೀಳುತ್ತಿರಲಿಲ್ಲ. ಬಸ್ಸಿನ ಹಿಂಬದಿಗೆ ಆಳೆತ್ತರದ ತಗಡಿನ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸಿನಲ್ಲೇ ಇಂಜಿನ್ ಓಡಿಸುತ್ತಿದ್ದೆವು. ಕೋಳಿ ಕೂಗುವ ಮೊದಲೇ ಎದ್ದು ಗಾಳಿ ಊದುವ ಚಕ್ರ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುತ್ತಿತ್ತು. ಸ್ವಲ್ಪ ಏರು ಬಂತೋ, ಗಂಡಸರೆಲ್ಲ ಇಳಿದು ತಳ್ಳಬೇಕು. ಒಮ್ಮೆ ಶ್ರೀನಿವಾಸಪುರದ ದಾರಿಯಲ್ಲಿ ಒಬ್ಬ ಅಮಲ್ದಾರರೂ ರುಮಾಲು ಸಮೇತ ಇಳಿದು ತಳ್ಳಿದರು. ಏರು ದಾಟಿದ ಖುಷಿಯಲ್ಲಿ ನಾವು ಅವರನ್ನು ಅಲ್ಲೇ ಬಿಟ್ಟು ಹೋಗಿಬಿಟ್ಟೆವು. ಮಾರನೆಯ ದಿನ ಅವರ ಜವಾನ ಶೆಡ್ಡಿಗೆ ಬಂದು ನಮ್ಮೆಲ್ಲರ ಜನ್ಮ ಜಾಲಾಡಿ ಹೋದ.

ನನಗೆ ಕೆಲಸ ಕಲಿಸಿದವರು ರಹಿಮಾನ್ ಸಾಬರು. ನಾವು ಉಸ್ತಾದ್ ಎನ್ನುತ್ತಿದ್ದೆವು. ಕೈ ಬಂಗಾರ, ಬಾಯಿ ಮೆಣಸಿನಕಾಯಿ. ಹೀಗೆ ಮಾಡು, ಹಾಗೆ ಮಾಡಬೇಡ, ಅಷ್ಟೇ ಅವರ ಪಾಠ. "ಯಾಕೆ ಉಸ್ತಾದ್?" ಅಂದರೆ ನಟ್ಟು ಬಿಚ್ಚುವ ಪಾನಾ ಹಿಡಿದ ಕೈಯಿಂದಲೇ ಮೊಣಕೈಗೆ ಒಂದು ಬೀಳುತ್ತಿತ್ತು. "ಯಾಕೆ ಗೀಕೆ ಕೇಳೋಕೆ ಸ್ಕೂಲಿಗೆ ಹೋಗು. ಇಲ್ಲಿ ಹೇಳಿದ್ದು ಮಾಡು." ಅವರಿಗೂ ಅವರ ಉಸ್ತಾದರು ಹಾಗೇ ಕಲಿಸಿದ್ದಂತೆ. ಆ ಇದ್ದಿಲ ಗ್ಯಾಸು ಎಳೆದೂ ಎಳೆದೂ ಅವರ ಎದೆ ಹಾಳಾಯಿತು. ಯುದ್ಧ ನಿಲ್ಲುವ ಹೊತ್ತಿಗೆ ಕೆಮ್ಮಿ ಕೆಮ್ಮಿ ತೀರಿಕೊಂಡರು. ಅವರು ಹೋದರೂ ಅವರ ಪಾಠದ ರೀತಿ ನಮ್ಮ ಶೆಡ್ಡಿನಲ್ಲಿ ಹಾಗೇ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಬ್ಬಯ್ಯ ನಮ್ಮ ಶೆಡ್ಡಿಗೆ ಬಂದದ್ದು ಅದೇ ಸುಮಾರಿಗೆ. ಮಾಲೂರು ಕಡೆಯ ರಾಗಿ ಹೊಲದವರ ಮಗ. ಯುದ್ಧಕ್ಕೆ ಆಳು ಸೇರಿಸುತ್ತಿದ್ದಾಗ ಹೋಗಿ ಮಿಲಿಟರಿ ಡ್ರೈವರಾಗಿದ್ದ. ಬರ್ಮಾ ಗಡಿಯ ಕೆಸರಿನಲ್ಲಿ ಲಾರಿ ಓಡಿಸಿ, ಒಂದು ಕಿವಿ ಮಂದವಾಗಿ, ಮೈ ಅರ್ಧವಾಗಿ ಊರಿಗೆ ಬಂದಿದ್ದ. ಯುದ್ಧದ ವಿಷಯ ಕೇಳಿದರೆ ತುಟಿ ಬಿಚ್ಚುತ್ತಿರಲಿಲ್ಲ. ಲಾರಿಯ ವಿಷಯ ಕೇಳಿದರೆ ಬಾಯಿ ಮುಚ್ಚುತ್ತಿರಲಿಲ್ಲ. ಯಾವ ಗಾಡಿಯ ಮೂಗು ಹೇಗಿತ್ತು, ಯಾವುದರ ಮುಂದಿನ ಚಕ್ರಕ್ಕೂ ಇಂಜಿನ್ ಎಳೆತ ಇತ್ತು, ಯಾವುದು ಸೊಂಟದ ಮಟ್ಟ ನೀರಿನಲ್ಲೂ ನಿಲ್ಲದೆ ಬಂತು ಎಂದು ಹೇಳುತ್ತಾ ಕೂತರೆ ಊಟದ ಹೊತ್ತು ಮೀರುತ್ತಿತ್ತು. ನಮಗೆ ಬೇಜಾರು ಬಂದು ಎದ್ದು ಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಇಬ್ಬರೇ ಇದ್ದಾಗ ನನಗೆ ಹೇಳಿದ:

"ಹೋಗೋವಾಗ ಮದ್ದುಗುಂಡು ತುಂಬ್ಕೊಂಡ್ ಹೋಗ್ತಿದ್ವಿ ಕಣೋ ಸೀನ. ಬರೋವಾಗ ಗಾಯ ಆದೋರು. ಅರ್ಧ ದಾರೀಲೇ ಉಸಿರು ನಿಂತೋರು ಎಷ್ಟೋ ಜನ. ಹಿಂದೆ ನರಳಾಟ ಕೇಳ್ತಾ ಇರೋದು, ಆಮೇಲೆ ಕೇಳ್ತಿರ್ಲಿಲ್ಲ. ಗಾಡಿ ತಪ್ಪೇನ್ಲಾ ಅದು? ಅದು ಒಂದ್ ದಿನಾನೂ ನಂಗೆ ಕೈಕೊಡ್ಲಿಲ್ಲ. ಅಂಥಾದ್ದೇ ಒಂದು ಗಾಡೀಲಿ ನೆಟ್ಟಗೆ ಉಸಿರಾಡೋ ಜನಾನ ಕೂರಿಸ್ಕೊಂಡು ಸಂತೆಗೋ ಮದುವೆಗೋ ಕರ್ಕೊಂಡ್ ಹೋಗ್ಬೇಕು. ಹಿಂದೆ ಜನ ಗಲಾಟೆ ಮಾಡ್ತಾ ಇರ್ಬೇಕು, ನಾನು ಕೇಳ್ತಾ ಓಡಿಸ್ಬೇಕು. ಇನ್ನೇನೂ ಬೇಡ."

ನಮ್ಮ ಧಣಿ ಚೌಡರೆಡ್ಡಿ ಶ್ರೀನಿವಾಸಪುರದ ಮಾವಿನ ವ್ಯಾಪಾರಿ. ಮನೆಮಾತು ತೆಲುಗು, ಸಿಟ್ಟು ಬಂದರೆ ಪೂರಾ ತೆಲುಗು. ಎರಡು ಇದ್ದಿಲು ಬಸ್ಸು ಇಟ್ಟುಕೊಂಡು ಒದ್ದಾಡುತ್ತಿದ್ದ. ಮಿಲಿಟರಿಯವರು ಬೆಂಗಳೂರಿನ ಹೊರಗೆ ಗಾಡಿಗಳನ್ನು ಹರಾಜು ಹಾಕುತ್ತಿದ್ದಾರೆ ಎಂಬ ಸುದ್ದಿ ಬಂದದ್ದೇ ತಡ, ಅಬ್ಬಯ್ಯ ಅವನ ಬೆನ್ನು ಹತ್ತಿದ. ಕೂತರೂ ಅದೇ, ನಿಂತರೂ ಅದೇ. ಕೊನೆಗೆ ರೆಡ್ಡಿ ಕೈಮುಗಿದು, "ಸರೇನಯ್ಯಾ, ಪೋದಾಂ ಪದ" ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ.

ಆ ಮೈದಾನವನ್ನು ನಾನು ಈಗಲೂ ಮರೆತಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಸಾಲು ಸಾಲು ಲಾರಿಗಳು, ಜೀಪುಗಳು, ನೀರಿನ ಟ್ಯಾಂಕಿನ ಗಾಡಿಗಳು. ಹುಲ್ಲು ಚಕ್ರದ ನಡುವಿಗೆ ಬಂದಿತ್ತು. ಕೆಲವು ಸೀಟುಗಳಲ್ಲಿ ನಾಯಿ ಮರಿ ಹಾಕಿದ್ದವು. ವ್ಯಾಪಾರಿಗಳು ಬಾನೆಟ್ಟಿಗೆ ಗುದ್ದಿ, ಟೈರಿಗೆ ಒದ್ದು ನೋಡುತ್ತಿದ್ದರು. ಅಬ್ಬಯ್ಯ ಹಾಗೆ ಮಾಡಲಿಲ್ಲ. ಒಂದೊಂದರ ಮುಂದೆ ನಿಂತು, ಬಾಗಿಲ ಮೇಲಿನ ಗುರುತು ಓದಿ, ಬೆರಳುಗುರಿನಿಂದ ಬಣ್ಣ ಕೆರೆದು ನೋಡಿ ಮುಂದೆ ಹೋಗುತ್ತಿದ್ದ. ಒಂದು ಮೊಂಡುಮೂಗಿನ ಲಾರಿಯ ಹತ್ತಿರ ನಿಂತವನು ಅಲ್ಲಾಡಲೇ ಇಲ್ಲ.

"ನೋಡ್ಲಾ ಇಲ್ಲಿ. ಮೇಲೆ ಹಸಿರು, ಒಳಗೆ ಮರಳು ಬಣ್ಣ. ಇದು ಮೊದಲು ಮರಳುಗಾಡಿಗೆ ಹೋಗಿ, ಆಮೇಲೆ ಕಾಡಿಗೆ ಬಂದೈತೆ. ಎರಡು ಯುದ್ಧ ಮಾಡಿ ಬದುಕೈತೆ. ಇದನ್ನ ಬಿಟ್ಟು ಹೋಗ್ಬೇಡಿ ಸಾವ್ಕಾರ್ರೇ, ನಿಮ್ಮ ಕಾಲಿಗೆ ಬೀಳ್ತೀನಿ."

"ಏಮಿಟಯ್ಯಾ ಇದಿ, ಮುಖ ಎಮ್ಮೆ ಹಂಗೈತೆ" ಎಂದು ರೆಡ್ಡಿ ಮೂಗು ಮುರಿದ. ಆದರೂ ಕೊಂಡ.

ಆ ಗಾಡಿಗೆ ಕೀ ಇರಲಿಲ್ಲ, ಒಂದು ಸ್ವಿಚ್ಚು, ಅಷ್ಟೇ. ಇಂಜಿನ್ನು ಮುಂದೆ ಬಾನೆಟ್ಟಿನಲ್ಲಿ ಇರದೆ ಡ್ರೈವರನ ಪಕ್ಕದಲ್ಲೇ, ಕ್ಯಾಬಿನ್ನಿನ ಒಳಗೆ ಇತ್ತು. ರಿಪೇರಿಗೆ ಕೂತರೆ ಎದೆ ತೊಡೆ ಎಲ್ಲ ಬೇಯುತ್ತಿತ್ತು. ನಾನು ಆ ಗಾಡಿ ಮಾಡಿದವನಿಗೆ ಬೈಯದ ದಿನ ಇಲ್ಲ. ಒಮ್ಮೆ ಅಬ್ಬಯ್ಯ ರಜಾ ಹಾಕಿದಾಗ ಬದಲಿ ಡ್ರೈವರು ಮುಂದಿನ ಚಕ್ರದ ಎಳೆತ ಬಿಡಿಸದೆ ಮುಳಬಾಗಿಲಿನವರೆಗೆ ಓಡಿಸಿಕೊಂಡು ಹೋಗಿ ಹೊಸ ಟೈರು ತೇಯ್ದು ತಂದ. ಅಬ್ಬಯ್ಯ ಅವತ್ತು ಊಟ ಮಾಡಲಿಲ್ಲ. ಸತ್ತವರ ಮನೆಯವರ ಹಾಗೆ ಟೈರಿನ ಪಕ್ಕದಲ್ಲಿ ಕೂತಿದ್ದ. ನಾವು ಗೇಲಿ ಮಾಡಿ ನಕ್ಕೆವು.

ಈಗ ಚಕ್ರದ ವಿಷಯ. ಇದನ್ನು ಗಮನವಿಟ್ಟು ಓದಿ. ನಮ್ಮ ಹಳೆಯ ಬಸ್ಸುಗಳ ಚಕ್ರಕ್ಕೆ ಒಂದೇ ಸುತ್ತು ನಟ್ಟು. ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. ಆ ಮಿಲಿಟರಿ ಗಾಡಿಯ ರಿಮ್ಮು ಮಾತ್ರ ಎರಡು ಹೋಳು. ಒಳಸುತ್ತಿನ ನಟ್ಟುಗಳು ಚಕ್ರವನ್ನು ಗಾಡಿಗೆ ಹಿಡಿದಿರುತ್ತವೆ. ಹೊರಸುತ್ತಿನ ನಟ್ಟುಗಳು ಆ ಎರಡು ಹೋಳುಗಳನ್ನು ಒಂದಕ್ಕೊಂದು ಹಿಡಿದಿರುತ್ತವೆ. ಚಕ್ರ ಬದಲಾಯಿಸಬೇಕಾದರೆ ಒಳಸುತ್ತು ಬಿಚ್ಚಬೇಕು. ಟೈರಿನಲ್ಲಿ ಗಾಳಿ ಇರುವಾಗ ಹೊರಸುತ್ತು ಬಿಚ್ಚಿದರೆ ಒಳಗಿನ ಗಾಳಿ ಆ ಕಬ್ಬಿಣದ ಹೋಳನ್ನು ಎದುರಿಗಿದ್ದವನ ಮೇಲೆ ಎಸೆಯುತ್ತದೆ. ಅದಕ್ಕೇ ಮಿಲಿಟರಿಯವರು ಹೊರಸುತ್ತಿನ ನಟ್ಟುಗಳಿಗೆ ಕೆಂಪು ಬಣ್ಣ ಬಳಿದಿದ್ದರು.

ನಮ್ಮ ಶೆಡ್ಡಿನಲ್ಲಿ ಟೈರು, ಟ್ಯೂಬು, ಪಂಚರು ನೋಡಿಕೊಳ್ಳುತ್ತಿದ್ದವನು ಗುರಪ್ಪ. ಹುತ್ತೂರು ಕಡೆಯವನು, ಕೋಲಾರದ ಕೋಟೆಯಲ್ಲಿ ಬಾಡಿಗೆ ಮನೆ. ಹೆಂಡತಿ ನಂಜಮ್ಮ, ಒಂದು ಹೆಣ್ಣುಮಗು. ಆನೆಯಂಥ ಆಳು, ನಗದೆ ಮಾತಾಡಿದವನಲ್ಲ. ಅಬ್ಬಯ್ಯ ಅವನನ್ನು ಚಕ್ರದ ಮುಂದೆ ಕೂರಿಸಿ ಹೇಳಿದ್ದು ಇಷ್ಟೇ: "ಕೆಂಪು ನಟ್ಟು ಮುಟ್ಬೇಡ. ಮುಟ್ಟಿದ್ರೆ ಪ್ರಾಣ ಹೋಗ್ತದೆ." ಯಾಕೆ ಎಂದು ಅವನೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಅಬ್ಬಯ್ಯನಿಗೂ ಮಿಲಿಟರಿಯಲ್ಲಿ ಹಾಗೇ ಕಲಿಸಿದ್ದರು. ಗುರಪ್ಪ ಕೆಂಪಿನದು ಬಿಟ್ಟು ಉಳಿದದ್ದು ಬಿಚ್ಚಿ ಚಕ್ರ ಇಳಿಸುತ್ತಿದ್ದ, ಟ್ಯೂಬು ತೆಗೆಯಬೇಕಾದರೆ ಕೆಂಪಿನದನ್ನು ಅಬ್ಬಯ್ಯನೇ ಬಿಚ್ಚಿಕೊಡುತ್ತಿದ್ದ, ಕೆಲಸ ಆಗುತ್ತಿತ್ತು.

ಬಡಗಿಗಳು ಮರದ ಬಾಡಿ ಕಟ್ಟಿದರು. ಲಾರಿ ಬಸ್ಸಾಯಿತು. ಹಸಿರು ಬಣ್ಣ ಹಾಗೇ ಇರಲಿ ಎಂದು ಅಬ್ಬಯ್ಯ ಹಟ ಹಿಡಿದ, ಬಣ್ಣದ ಖರ್ಚು ಉಳಿಯಿತಲ್ಲ ಎಂದು ರೆಡ್ಡಿ ಒಪ್ಪಿದ. ಮೊದಲ ದಿನ ಕೋಲಾರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆವು. ಒಬ್ಬರೂ ಹತ್ತಲಿಲ್ಲ. ಪಕ್ಕದಲ್ಲಿ ನಮ್ಮದೇ ಇದ್ದಿಲು ಬಸ್ಸು ಕೆಮ್ಮುತ್ತಾ ನಿಂತಿತ್ತು, ಅದರ ಟಾಪಿನ ಮೇಲೂ ಜನ.

"ಹತ್ತಮ್ಮಾ, ಜಾಗ ಐತೆ" ಎಂದು ನಾನು ಒಬ್ಬ ಮುದುಕಿಗೆ ಹೇಳಿದೆ.

"ಹೋಗಪ್ಪೋ! ಹೆಣ ಹೊತ್ತ ಗಾಡಿ ಅಂತೆ. ಅದ್ರಾಗೆ ಸತ್ತೋರು ಇನ್ನೂ ಇಳ್ದಿಲ್ವಂತೆ. ನಂಗ್ಯಾಕಪ್ಪ?"

ಅಬ್ಬಯ್ಯನ ಮುಖ ನೋಡಲಾಗಲಿಲ್ಲ. ಅವನು ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಜನ ತಾವೇ ಊಹಿಸಿಕೊಂಡಿದ್ದರು. ಅವರ ಊಹೆ ಸುಳ್ಳು ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ. ವಾರಗಟ್ಟಲೆ ಆ ಬಸ್ಸು ರೇಷ್ಮೆಗೂಡಿನ ಮೂಟೆ, ಹುಣಸೆಹಣ್ಣು, ಮಾವಿನ ಬುಟ್ಟಿ ಹೊತ್ತು ತಿರುಗಿತು. ಜನ ಮಾತ್ರ ಹತ್ತಲಿಲ್ಲ. ಬೇರೆ ಗತಿಯಿಲ್ಲದವರು ಒಬ್ಬಿಬ್ಬರು ಹತ್ತಿದರೂ ಸೀಟಿನ ತುದಿಯಲ್ಲಿ ಕೂರುತ್ತಿದ್ದರು. "ಇನ್ನು ಆಯುಧಪೂಜೆವರೆಗೆ ನೋಡ್ತೀನಿ. ಆಮೇಲೆ ಗುಜರಿಗೆ ಹಾಕ್ತೀನಿ" ಎಂದು ರೆಡ್ಡಿ ಖಡಾಖಂಡಿತವಾಗಿ ಹೇಳಿದ. ಅಂದಿನಿಂದ ಅಬ್ಬಯ್ಯನಿಗೆ ನಿದ್ದೆ ಇಲ್ಲ.

ಆಯುಧಪೂಜೆ ನಮ್ಮ ಕಸುಬಿನವರಿಗೆ ಎಂಥ ಹಬ್ಬ ಎಂದು ನಿಮಗೆ ಹೇಳಬೇಕಾಗಿಲ್ಲ. ಶೆಡ್ಡು ತೊಳೆದು, ಪಾನಾ, ಜಾಕಿ, ಸುತ್ತಿಗೆ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಗಾಡಿಗೆ ಬಾಳೆಕಂದು ಕಟ್ಟುತ್ತೇವೆ. ಆ ಸಲ ಗಾಡಿಯ ಮೇಲಿನ ದೃಷ್ಟಿಯೆಲ್ಲ ಕಳೆಯಲಿ ಎಂದು ರೆಡ್ಡಿ ಬಣ್ಣದವನನ್ನೇ ಕರೆಸಿದ. ಹಸಿರು ಹೋಯಿತು. ಬಸ್ಸು ಹಳದಿಯಾಯಿತು, ಪಕ್ಕಕ್ಕೆ ಎರಡು ನವಿಲು ಬಂದವು. ಅಬ್ಬಯ್ಯ ಆ ದಿನಗಳಲ್ಲಿ ತಂದೆಗೆ ಹುಷಾರಿಲ್ಲವೆಂದು ಮಾಲೂರಿಗೆ ಹೋಗಿದ್ದ. ಚಕ್ರ ಗುರಪ್ಪನ ಪಾಲಿನ ಆಯುಧ. ಅವನು ಬಣ್ಣದವನ ಹತ್ತಿರ ಉಳಿದಿದ್ದ ಕೆಂಪು ಡಬ್ಬಿ ತೆಗೆದುಕೊಂಡು, ಪ್ರೀತಿಯಿಂದ ಕೂತು, ನಾಲ್ಕು ಚಕ್ರದ ಒಂದೊಂದು ನಟ್ಟಿಗೂ ದಪ್ಪಗೆ ಬಳಿದ. ಒಳಸುತ್ತು, ಹೊರಸುತ್ತು, ಎಲ್ಲವೂ ಕೆಂಪು. "ಅರ್ಧಕ್ಕೆ ಮಾತ್ರ ಕೆಂಪಿದ್ರೆ ಅರ್ಧ ಅಲಂಕಾರ ಮಾಡಿ ಬಿಟ್ಟಂಗೆ ಕಾಣ್ತದೆ" ಅಂದ. ಮೇಲೆ ಒಂದೊಂದಕ್ಕೂ ಕುಂಕುಮದ ಬೊಟ್ಟು ಇಟ್ಟ. ನಿಜ ಹೇಳುತ್ತೇನೆ, ನೋಡಲು ಬಹಳ ಚೆನ್ನಾಗಿತ್ತು.

ಪೂಜೆಯ ಬೆಳಿಗ್ಗೆ ಅಬ್ಬಯ್ಯ ಬಂದ. ನವಿಲು ನೋಡಿ ಏನೂ ಅನ್ನಲಿಲ್ಲ. ಚಕ್ರ ನೋಡಿ ಕೂಗಾಡಿಬಿಟ್ಟ.

"ಯಾವನ್ಲಾ ಇದನ್ನ ಬಳಿದೋನು? ಯಾರ್ನಾದ್ರೂ ಸಾಯಿಸ್ಬೇಕು ಅಂತ..."

ಮಾತು ಮುಗಿಸಲು ಯಾರೂ ಬಿಡಲಿಲ್ಲ. ಪುರೋಹಿತರು ಕೈಯಲ್ಲಿ ಆರತಿ ಹಿಡಿದಿದ್ದರು. ಹೆಂಗಸರು ಮಕ್ಕಳು ಸೇರಿದ್ದರು. ರೆಡ್ಡಿ ಕೆಂಡವಾದ. "ಏಯ್, ಬಾಯಿ ಮುಚ್ಚು! ಪೂಜೆ ಹೊತ್ತಲ್ಲಿ ಸಾವು ಗೀವು ಅಂತೀಯಾ? ಅಸಲೇ ಜನಾಲು ಭಯಪಡ್ತಾವ್ರೆ!" ನಂಜಮ್ಮ ಮಗುವನ್ನು ಎದೆಗೆ ಅವಚಿಕೊಂಡು, "ಒಳ್ಳೇ ಮಾತಾಡಣ್ಣಾ, ಹಬ್ಬದ ದಿನ" ಅಂದಳು. ಅಬ್ಬಯ್ಯ ಪಕ್ಕಕ್ಕೆ ಸರಿದ. ಕುಂಬಳಕಾಯಿ ಒಡೆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಸಿಡಿಯಿತು. ಮಧ್ಯಾಹ್ನ ಅವನು ಗುರಪ್ಪನನ್ನು ಪಕ್ಕಕ್ಕೆ ಕರೆದು ಬಣ್ಣ ಕೆರೆಯಲು ಹೇಳಿದ.

"ಪೂಜೆ ಮಾಡಿರೋ ಕುಂಕುಮ ಕೆರೆಯೋದಾ ಅಬ್ಬಯ್ಯಣ್ಣ? ಕೈ ಬರ್ತದಾ? ದೀಪಾವಳಿ ಕಳೀಲಿ. ಯಾವುದು ಮುಟ್ಬಾರ್ದು ಅಂತ ನಂಗೊತ್ತಿಲ್ವಾ?" ಎಂದು ಗುರಪ್ಪ ನಕ್ಕ.

ಮಾರನೆಯ ದಿನವೇ ಕೆರೆಯಬಹುದಿತ್ತು. ಆದರೆ ಮಾರನೆಯ ದಿನ ಜನ ಹತ್ತಿದರು! ಹಳದಿ ಬಸ್ಸು, ನವಿಲು, ಕೆಂಪು ಕೆಂಪಾದ ಚಕ್ರ, ಅದರ ಮೇಲಿನ ಕುಂಕುಮ ನೋಡಿ ಹತ್ತಿದರು. "ಪೂಜೆ ಆಯ್ತಲ್ಲ, ದೋಷ ಹೋಯ್ತು" ಎಂದು ಅವರೇ ಅಂದುಕೊಂಡರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದವರು ಹತ್ತುವ ಮೊದಲು ಚಕ್ರ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅದನ್ನು ನೋಡುತ್ತಾ ಅಬ್ಬಯ್ಯ ಸ್ಟೇರಿಂಗಿನ ಹಿಂದೆ ಕೂತು ಅಳುತ್ತಿದ್ದ, ನಾನು ನೋಡಿದೆ. ಇನ್ನು ಅವನು ಆ ಬಣ್ಣಕ್ಕೆ ಕೈ ಹಾಕುವುದು ಹೇಗೆ? ನಾಳೆ, ನಾಡಿದ್ದು ಎನ್ನುತ್ತಾ ದೀಪಾವಳಿಯೂ ಕಳೆಯಿತು. ಪಂಚರಾದಾಗಲೆಲ್ಲ ತಾನೇ ಇಳಿದು ಗುರಪ್ಪನ ಪಕ್ಕ ನಿಂತು, "ಇದು, ಇದು" ಎಂದು ಬೆರಳು ತೋರಿಸುತ್ತಿದ್ದ. ತಾನು ಪಕ್ಕದಲ್ಲಿದ್ದರೆ ಸಾಕು ಎಂದು ಅವನ ಲೆಕ್ಕ.

ಕಾರ್ತಿಕದಲ್ಲಿ ಗೌನಿಪಲ್ಲಿಯ ಮಾವಿನ ತೋಟದವರೊಬ್ಬರು ಮಗನ ಮದುವೆಗೆ ಬಸ್ಸು ಗೊತ್ತುಮಾಡಿದರು. ಗಂಡಿನ ಕಡೆಯವರನ್ನೆಲ್ಲ ಮುಳಬಾಗಿಲಿಗೆ ಕರೆದುಕೊಂಡು ಹೋಗಬೇಕು. ಆ ಗಾಡಿಗೆ ಅದು ಮೊದಲ ಮದುವೆ. ಅಬ್ಬಯ್ಯ ಕ್ಷೌರ ಮಾಡಿಸಿಕೊಂಡು, ಹೊಸ ಪಂಚೆ ಉಟ್ಟು ಬಂದ. ಗುರಪ್ಪ ಚಕ್ರಗಳಿಗೆ ಮತ್ತೊಮ್ಮೆ ಕುಂಕುಮ ಇಟ್ಟ. ದೂರದ ದಾರಿ ಎಂದು ಗುರಪ್ಪನ ಜೊತೆ ನನ್ನನ್ನೂ ಕರೆದುಕೊಂಡರು. ಮದುವಣಿಗ ಇಂಜಿನ್ ಪೆಟ್ಟಿಗೆಯ ಪಕ್ಕ ಕೂತು ಕಾಲು ಸುಟ್ಟುಕೊಂಡು ಕೂಗಿದ್ದಕ್ಕೆ ಬಸ್ಸೆಲ್ಲ ನಕ್ಕಿತು. ಹಿಂದಿನಿಂದ ಹೆಂಗಸರ ತೆಲುಗು ಹಾಡು, ಓಲಗದವರ ಜಗಳ, ಮಕ್ಕಳ ಅಳು. ಅಬ್ಬಯ್ಯ ಕೇಳುವ ಕಿವಿಯನ್ನು ಹಿಂದಕ್ಕೆ ತಿರುಗಿಸಿಕೊಂಡೇ ಓಡಿಸುತ್ತಿದ್ದ. "ಕೇಳ್ತಿದೀಯೇನೋ ಸೀನ? ಎಷ್ಟ್ ಗಲಾಟೆ ನೋಡು!" ಎಂದು ನನ್ನ ತೊಡೆಗೆ ಹೊಡೆದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶ್ರೀನಿವಾಸಪುರ ದಾಟಿ ಮುಳಬಾಗಿಲಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ಬಲಗಡೆಯ ಹಿಂದಿನ ಚಕ್ರದಲ್ಲಿ ಗಾಳಿ ಸ್ವಲ್ಪ ಸ್ವಲ್ಪ ಇಳಿಯತೊಡಗಿತು. ರೇಡಿಯೇಟರೂ ಕುದಿಯುತ್ತಿತ್ತು. ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿದೆವು. ಸ್ಟೆಪ್ನಿ ಹಾಕಿಕೊಂಡು ಹೋಗೋಣ ಎಂದಾಯಿತು. ಗುರಪ್ಪ ಜಾಕಿ ಕೊಟ್ಟ. ನೀರಿಗೆ ಹತ್ತಿರದಲ್ಲಿ ಬಾವಿ ಕಾಣಲಿಲ್ಲ, ಹೊಲದ ಆಚೆ ಒಂದು ಸಣ್ಣ ನೀರಿನ ಕುಂಟೆ ಇತ್ತು. ಎರಡೆರಡು ಡಬ್ಬಿ ಹಿಡಿದು ನಾನೂ ಅಬ್ಬಯ್ಯನೂ ಹೊರಟೆವು. ಹೋಗುವ ಮೊದಲು ಅವನು, "ನಾನ್ ಬರೋಗಂಟ ಚಕ್ರ ಮುಟ್ಬೇಡ ಗುರಪ್ಪ" ಎಂದು ಹೇಳಿಯೇ ಹೋದ.

ಗಂಡಿನ ಸೋದರಮಾವನಿಗೆ ತಾಳ್ಮೆ ಇರಲಿಲ್ಲ. ಆಮೇಲೆ ಜನ ಹೇಳಿದ್ದು ಇದು. "ಮುಹೂರ್ತ ಮೀರ್ತದೆ, ಬಿಚ್ಚಯ್ಯಾ, ನೀರು ತರೋರು ಬರೋ ಹೊತ್ತಿಗೆ ಮುಗೀಲಿ" ಎಂದು ಅವನು ಗುರಪ್ಪನ ತಲೆಯ ಮೇಲೆ ನಿಂತಿದ್ದ. ಗುರಪ್ಪ ಒಳಸುತ್ತಿನ ನಟ್ಟುಗಳಿಗೆ ಪಾನಾ ಹಾಕಿದ. ಅದೇ ಸರಿ. ಆದರೆ ಆ ಚಕ್ರವನ್ನು ಹಬ್ಬದ ನಂತರ ಬಿಚ್ಚಿರಲಿಲ್ಲ, ಅವನೇ ದಪ್ಪಗೆ ಬಳಿದಿದ್ದ ಬಣ್ಣ ಒಣಗಿ, ಬಿಸಿಲಿಗೆ ಗಟ್ಟಿಯಾಗಿ ನಟ್ಟು ಕಚ್ಚಿಕೊಂಡಿತ್ತು. ಪಾನಾ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಆಗ ಅವನಿಗೆ ಅನುಮಾನ ಬಂದಿರಬೇಕು: ಬಿಚ್ಚಬಾರದ್ದು ಇದೇ ಇರಬಹುದಾ, ಅದಕ್ಕೇ ಬಿಗಿಯಾಗಿದೆಯಾ ಅಂತ. ಕೇಳೋಣವೆಂದರೆ ಅಬ್ಬಯ್ಯ ಹೊಲದಾಚೆ. ಕೆಂಪು ಯಾವುದು ಎಂದು ನೋಡೋಣವೆಂದರೆ ಎಲ್ಲವೂ ಕೆಂಪು. ಹೊರಸುತ್ತಿಗೆ ಪಾನಾ ಹಾಕಿದ. ಅವು ಅಷ್ಟು ಕಚ್ಚಿಕೊಂಡಿರಲಿಲ್ಲ, ಸಲೀಸಾಗಿ ತಿರುಗಿದವು. "ಆಯ್ತು ಸ್ವಾಮಿ, ಬಂತು" ಅಂದನಂತೆ.

ಸದ್ದು ನಮಗೆ ಕುಂಟೆಯ ಹತ್ತಿರ ಕೇಳಿಸಿತು. ಮದುವೆಯವರು ಹಾರಿಸಿದ ಸಿಡಿಮದ್ದು ಎಂದು ನಾನು ತಿಳಿದೆ. ಅಬ್ಬಯ್ಯ ಡಬ್ಬಿ ಬಿಸಾಕಿ ಓಡಿದ. ಕಿವಿ ಮಂದದವನಿಗೆ ಅದು ಹೇಗೆ ತಿಳಿಯಿತೋ ದೇವರಿಗೇ ಗೊತ್ತು.

ಗುರಪ್ಪನ ವಿಷಯ ಹೆಚ್ಚು ಬರೆಯುವುದಿಲ್ಲ. ಹೋಳು ಎದೆಗೆ ಬಿದ್ದಿತ್ತು. ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಒಳಸುತ್ತಿನ ನಟ್ಟುಗಳ ಕೆಂಪು ಬಣ್ಣದ ಮೇಲೆ ಪಾನಾ ಜಾರಿದ ಗೀರುಗಳಿದ್ದವು. ಅವನ ಕೈ ಮೊದಲು ಹೋದದ್ದು ಸರಿಯಾದ ಕಡೆಗೇ! ಮದುವೆಯವರು ದಾರಿಯಲ್ಲಿ ಬಂದ ಎತ್ತಿನ ಗಾಡಿಗಳನ್ನು ಹಿಡಿದು, ತಿರುಗಿ ನೋಡದೆ ಹೊರಟುಹೋದರು. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಮದುವೆ ಮಾಡಬೇಕಿತ್ತು. ನಾನೂ ಅಬ್ಬಯ್ಯನೂ ಸ್ಟೆಪ್ನಿ ಹಾಕಿದೆವು. ಪೊಲೀಸ್ ಸ್ಟೇಷನ್ನಿನವರು ಬಂದು ನೋಡಿ, ಕೇಳಿ ಬರೆದುಕೊಂಡ ಮೇಲೆ ಗುರಪ್ಪನನ್ನು ಅದೇ ಬಸ್ಸಿನಲ್ಲಿ ಮಲಗಿಸಿ ಕೋಲಾರಕ್ಕೆ ತಂದೆವು.

ಅಲ್ಲಿಗೆ ಬಸ್ಸಿನ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಜನ ಮೊದಲು ಹೆದರಿದ್ದಕ್ಕೆ ಈಗ ಕಾರಣವೂ ಸಿಕ್ಕಿತ್ತು. ಅಬ್ಬಯ್ಯ ಮೊದಲು ಮಾಡಿದ ಕೆಲಸವೆಂದರೆ ಒಂದೊಂದು ನಟ್ಟನ್ನೂ ಕೆರೆದು, ಹೊರಸುತ್ತಿಗೆ ಮಾತ್ರ ಕೆಂಪು ಬಳಿದದ್ದು. ಶೆಡ್ಡಿನವರನ್ನೆಲ್ಲ ಸುತ್ತ ಕೂರಿಸಿಕೊಂಡು, ಗಾಳಿ ಬಿಟ್ಟು, ರಿಮ್ಮನ್ನು ಎರಡು ಹೋಳು ಮಾಡಿ ತೋರಿಸಿ, ಯಾಕೆ ಎಂಬುದನ್ನು ಹೇಳಿದ. ನಮ್ಮ ಶೆಡ್ಡಿನಲ್ಲಿ ಯಾಕೆ ಎಂಬುದನ್ನು ಒಬ್ಬರು ಹೇಳಿದ್ದು ಅದೇ ಮೊದಲು. ಹುಡುಗರೇ, ನಿಮಗೆ ಹೇಳುತ್ತಿದ್ದೇನೆ: ಮೇಸ್ತ್ರಿ ಹೊಡೆದರೂ ಪರವಾಗಿಲ್ಲ, ಯಾಕೆ ಎಂದು ಕೇಳಿ.

ಆಮೇಲೆ ದಿನಾ ಬೆಳಿಗ್ಗೆ ಅವನು ಬಸ್ಸನ್ನು ಸ್ಟ್ಯಾಂಡಿಗೆ ತಂದು ನಿಲ್ಲಿಸುತ್ತಿದ್ದ. ಜನ ದೂರ ಸರಿದು ನಿಲ್ಲುತ್ತಿದ್ದರು. ಬಿಸಿಲೇರಿದ ಮೇಲೆ ಖಾಲಿ ಬಸ್ಸು ಶೆಡ್ಡಿಗೆ ವಾಪಸು. "ನಿನ್ ಹುಚ್ಚಿಗೆ ನನ್ ಬಸ್ಸು ಬಲಿ, ಸಂಕ್ರಾಂತಿ ಕಳೀಲಿ, ಗುಜರಿಯೋನಿಗೆ ಹೇಳಿದೀನಿ" ಎಂದು ರೆಡ್ಡಿ ಹೇಳಿದ. ಅಬ್ಬಯ್ಯ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನ ಹಾಗೆ ಮಾರನೆಯ ದಿನವೂ ಹೋಗಿ ನಿಲ್ಲಿಸಿದ.

ಅಂಥದ್ದೊಂದು ಬೆಳಿಗ್ಗೆ ನಂಜಮ್ಮ ಬಂದಳು. ಸೊಂಟದಲ್ಲಿ ಮಗು, ತಲೆಯ ಮೇಲೆ ಪಾತ್ರೆ ಬಟ್ಟೆಯ ಗಂಟು. ಬಾಡಿಗೆ ಮನೆ ಬಿಟ್ಟು ಮುಳಬಾಗಿಲಿನ ಆಚೆ ಇರುವ ತವರಿಗೆ ಹೊರಟಿದ್ದಳು. ಇದ್ದಿಲು ಬಸ್ಸು ಅವತ್ತು ಕೆಟ್ಟು ನಿಂತಿತ್ತು. ಸ್ಟ್ಯಾಂಡಿನ ಜನವೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ನೇರವಾಗಿ ನಮ್ಮ ಬಸ್ಸಿನ ಹತ್ತಿರ ಬಂದು ನಿಂತಳು. ಅಬ್ಬಯ್ಯ ಕೆಳಗಿಳಿದು ಕೈಮುಗಿದ.

"ತಾಯಿ, ನೀನು ಇದನ್ನ ಹತ್ಬೇಡ. ನಾನು ಎತ್ತಿನ ಗಾಡಿ ಮಾಡ್ಕೊಡ್ತೀನಿ."

"ಎತ್ತಿನ ಗಾಡೀಲಿ ಹೋಗಿ ಯಾವಾಗ ಸೇರ್ಲಿ ಅಣ್ಣಾ? ಮಗೀಗೆ ಜ್ವರ."

"ನನ್ನ ಬೈಯಮ್ಮಾ. ಬೈದಾದ್ರೂ ಬಿಡು."

"ಬೈದ್ರೆ ಬರ್ತಾರಾ?" ಎಂದಳು. ಬಸ್ಸಿನ ಚಕ್ರಗಳತ್ತ ನೋಡಿ ಕೇಳಿದಳು: "ಯಾವ ಚಕ್ರ?"

ನಾನು ಬಲಗಡೆಯ ಹಿಂದಿನದು ಎಂದು ಕೈ ತೋರಿಸಿದೆ. ಅವಳು ಹತ್ತಿ, ಆ ಚಕ್ರದ ಮೇಲಿನ ಸೀಟಿನಲ್ಲೇ ಕೂತಳು. ಗಂಟು ಕಾಲ ಬಳಿ ಇಟ್ಟುಕೊಂಡು ಮಗುವಿಗೆ ಸೆರಗು ಹೊದಿಸಿದಳು.

"ನಿಮ್ಮ ಮೇಲಿನ ಪ್ರೀತಿಗೆ ಹತ್ತಿಲ್ಲ ಅಣ್ಣಾ. ಬೇರೆ ದಾರಿ ಇಲ್ಲ, ಹತ್ತಿದೀನಿ. ಹೊರಡಿ."

ಸ್ಟ್ಯಾಂಡಿನಲ್ಲಿದ್ದ ಒಬ್ಬ ಮುದುಕ ಮೊದಲು ಬಂದು ಹತ್ತಿದ. ಅವನ ಹಿಂದೆ ಇಬ್ಬರು ಹೆಂಗಸರು. ಗಂಡ ಸತ್ತವಳೇ ಹತ್ತಿ ಕೂತ ಮೇಲೆ ಹೆದರುತ್ತಾ ನಿಲ್ಲಲು ಉಳಿದವರಿಗೆ ನಾಚಿಕೆಯಾಗಿರಬೇಕು. ನೋಡನೋಡುತ್ತ ಬಸ್ಸು ತುಂಬಿತು, ನಿಂತವರೂ ಇದ್ದರು. ನಾನು ಹಿಂದಿನ ಬಾಗಿಲು ಹಾಕಿಕೊಂಡೆ. ಅಬ್ಬಯ್ಯ ಮುಳಬಾಗಿಲಿನವರೆಗೆ ಒಂದು ಹಳ್ಳವನ್ನೂ ಜೋರಾಗಿ ಹಾರಿಸದೆ ಓಡಿಸಿದ. ಅಷ್ಟು ಜನರಲ್ಲಿ ಯಾರೂ ಮಾತಾಡಲಿಲ್ಲ. ಮಗುವಿನ ಜ್ವರದ ನರಳಾಟ ಒಂದೇ ದಾರಿಯುದ್ದಕ್ಕೂ ಕೇಳುತ್ತಿತ್ತು.

ಮುಳಬಾಗಿಲಿನಲ್ಲಿ ಎಲ್ಲರೂ ಇಳಿದರು. ನಂಜಮ್ಮ ಗಂಟು ಎತ್ತಿಕೊಂಡು, ಹಿಂತಿರುಗಿ ನೋಡದೆ ನಡೆದಳು. ನಾನು ಮುಂದೆ ಹೋಗಿ, ಅವನಿಗೆ ಸಮಾಧಾನವಾಗಲೆಂದು, "ಅಬ್ಬಯ್ಯಣ್ಣ, ಗಾಡಿ ತುಂಬಿತ್ತು ನೋಡು. ನಾಳೆಯಿಂದ ಎಲ್ಲಾ ಹತ್ತುತ್ತಾರೆ. ಇನ್ನು ಗುಜರಿಗೆ ಹಾಕಲ್ಲ" ಎಂದೆ.

"ತುಂಬಿತ್ತು ಕಣೋ" ಎಂದ. "ಬರ್ಮಾದಲ್ಲೂ ತುಂಬಿರ್ತಿತ್ತು."

ಬಾಗಿಲು ತೆಗೆದು ಇಳಿದ. ಚಹಾ ಕುಡಿಯಲು ಹೋಗುತ್ತಾನೆ ಎಂದುಕೊಂಡೆ. ಅವನು ಹೋಟೆಲು ದಾಟಿ, ಸಂತೆ ಮಾಳ ದಾಟಿ ನಡೆದೇ ಹೋದ. ಆ ಬಸ್ಸು ಅಲ್ಲಿಂದ ಮುಂದೆ ಬಹಳ ವರ್ಷ ಓಡಿತು, ಎಷ್ಟೋ ಮದುವೆಗೂ ಹೋಯಿತು. ಅಬ್ಬಯ್ಯ ಮತ್ತೆ ಯಾವ ಗಾಡಿಯ ಸ್ಟೇರಿಂಗನ್ನೂ ಹಿಡಿಯಲಿಲ್ಲ. ಅವತ್ತು ಅವನು ಇಂಜಿನ್ನನ್ನೂ ನಿಲ್ಲಿಸಿರಲಿಲ್ಲ. ಬರುತ್ತಾನೇನೋ ಎಂದು ಕಾದು ಕಾದು, ಕೊನೆಗೆ ನಾನೇ ಹತ್ತಿ ಸ್ವಿಚ್ಚು ಆರಿಸಿದೆ.